ಕಿಟಕಿ ಕೆಳಗೆ ನಿಂತು ಹಾಡುವವರು

ಪೋರ್ಚುಗಲ್‌ನ ಕೊಯಿಂಬ್ರಾದಲ್ಲಿ ಫಾಡೋ ಅನ್ನುವ ಸಾಂಪ್ರದಾಯಿಕ ಹಾಡು ಹಿಡಿಸಿದರೆ ಚಪ್ಪಾಳೆ ತಟ್ಟುವ ಪದ್ಧತಿ ಇಲ್ಲ. ಗಂಟಲು ಸರಿಮಾಡಿಕೊಂಡ ಹಾಗೆ ಸಣ್ಣಗೆ ಕೆಮ್ಮುತ್ತಾರೆ, ಅಷ್ಟೇ.

ಅಲ್ಲಿಯ ಫಾಡೋ ಬೆಳೆದದ್ದು ಸೆರೆನೇಡ್‌ನಿಂದಲೇ, ಅಂದರೆ ರಾತ್ರಿ ಹೊತ್ತು ಕಿಟಕಿ ಕೆಳಗೆ ಹಾಡುವ ಪ್ರೀತಿಯ ಹಾಡಿನಿಂದ. ವಿಶ್ವವಿದ್ಯಾಲಯದ ಹುಡುಗರು ಕಪ್ಪು ಮೇಲುಹೊದಿಕೆ ಹೊದ್ದು, ಗಿಟಾರ್ ಹಿಡಿದು, ಊರು ಮಲಗಿದ ಮೇಲೆ ಇಷ್ಟಪಟ್ಟವಳ ಕಿಟಕಿ ಕೆಳಗೆ ನಿಂತು ಹಾಡುತ್ತಿದ್ದರು. ಅವಳಿಗೆ ಹಾಡು ಮೆಚ್ಚುಗೆಯಾದರೆ ಕೋಣೆಯ ದೀಪ ಹಚ್ಚಿ ಆರಿಸುತ್ತಿದ್ದಳು. ಹಾಡುವುದು ಅವಳೊಬ್ಬಳಿಗೇ, ಆದರೆ ಬೀದಿಗೆ ಬೀದಿಯೇ ಕೇಳಿಸಿಕೊಳ್ಳುತ್ತದೆ ಅಲ್ವಾ? ಹಾಗಿದ್ದೂ ಉತ್ತರ ಮಾತ್ರ ಅವಳ ಕೈಯಲ್ಲೇ ಇರುತ್ತದೆ. ದೀಪ ಹತ್ತದಿದ್ದರೆ ಸುಮ್ನೆ ಹೊರಟುಬಿಡಬೇಕು. ಸೆರೆನೇಡ್‌ನಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ. ಅವಳ ಒಪ್ಪಿಗೆಗೆ ಕಾಯದೆ, ಬೇಡ ಅಂದರೂ ಹಿಂದೆ ಬಿದ್ದು ಹಾಡುವುದನ್ನು ನಾನಂತೂ ಪ್ರೀತಿಯ ಹಾಡು ಅನ್ನಲಾರೆ.

ಗಿಟಾರ್ ಬಗ್ಗೆ ಹೇಳಲೇಬೇಕು. ಪೋರ್ಚುಗೀಸ್ ಗಿಟಾರ್‌ಗೆ 12 ತಂತಿ, ಎರಡೆರಡರಂತೆ 6 ಜೋಡಿ. ಕೊಯಿಂಬ್ರಾದವರು ಅದನ್ನು ಲಿಸ್ಬನ್‌ನವರಿಗಿಂತ ಒಂದು ಸ್ವರ ಕೆಳಗೆ ಶ್ರುತಿ ಮಾಡುತ್ತಾರೆ, ಹಾಗಾಗಿ ನಾದ ಸ್ವಲ್ಪ ಗಾಢ. ವಾದ್ಯದ ತಲೆಯನ್ನು ನೋಡಿಯೇ ಯಾವ ಊರಿನದು ಅಂತ ಹೇಳಬಹುದು: ಲಿಸ್ಬನ್‌ದಕ್ಕೆ ಸುರುಳಿ, ಕೊಯಿಂಬ್ರಾದ್ದಕ್ಕೆ ಕಣ್ಣೀರ ಹನಿಯ ಆಕಾರ. ಆರ್ತುರ್ ಪರೇದೆಸ್, ಆಮೇಲೆ ಅವರ ಮಗ ಕಾರ್ಲೋಸ್ ಪರೇದೆಸ್ ಇದನ್ನು ನುಡಿಸಿದ್ದು ಕೇಳಿದರೆ, ಪಕ್ಕವಾದ್ಯ ಅಂದುಕೊಂಡಿದ್ದು ತಾನೇ ಹಾಡೋಕೆ ಶುರುಮಾಡಿದೆ ಅನಿಸುತ್ತದೆ.

ಈಗ ದೊಡ್ಡ ಸೆರೆನೇಡ್ ನಡೆಯುವುದು ಮೇ ತಿಂಗಳ ವಿದ್ಯಾರ್ಥಿ ಹಬ್ಬದಲ್ಲಿ, 12ನೇ ಶತಮಾನದ ಹಳೇ ಕೆಥೆಡ್ರಲ್‌ನ ಮೆಟ್ಟಿಲ ಮೇಲೆ. ಹಬ್ಬ ಶುರುವಾಗುವುದೇ ಅದರಿಂದ. ಸಾವಿರಾರು ಜನ ಸೇರಿರುತ್ತಾರೆ, ಗಲಾಟೆ ಮಾಡುವಂತಿಲ್ಲ. 1969ರಲ್ಲಿ ಸರ್ವಾಧಿಕಾರದ ವಿರುದ್ಧ ಎದ್ದುನಿಂತ ವಿದ್ಯಾರ್ಥಿಗಳು ಶೋಕ ಘೋಷಿಸಿ ಈ ಹಬ್ಬವನ್ನೇ ನಿಲ್ಲಿಸಿದರು. ಸರ್ವಾಧಿಕಾರ 1974ರ ಕ್ರಾಂತಿಯಲ್ಲೇ ಬಿದ್ದಿತು, ಹಬ್ಬ ಮಾತ್ರ ಮತ್ತೆ ಶುರುವಾಗಿದ್ದು 1980ರಲ್ಲಿ. ಆ ಕ್ರಾಂತಿ ಶುರುಮಾಡಲು ರೇಡಿಯೋದಲ್ಲಿ ಸಂಕೇತವಾಗಿ ಹಾಕಿದ ಹಾಡುಗಳಲ್ಲಿ ಒಂದು ಗಾಯಕ ಝೆಕಾ ಅಫೊನ್ಸೊ ಅವರದು. ಅವರು ಹಾಡು ಶುರುಮಾಡಿದ್ದೂ ಕೊಯಿಂಬ್ರಾದ ಫಾಡೋದಿಂದಲೇ.

ಒಂದು ವಿಷಯ ಮಾತ್ರ ನನಗೆ ಒಪ್ಪಿಗೆಯಿಲ್ಲ. ಕೊಯಿಂಬ್ರಾದ ಫಾಡೋವನ್ನು ಗಂಡಸರೇ ಹಾಡಬೇಕು ಅನ್ನುವ ಹಳೇ ಕಟ್ಟುಪಾಡು. ಕಿಟಕಿಯೊಳಗೆ ಇದ್ದವಳಿಗೂ ದನಿ ಇದೆ, ಅವಳೂ ಬೀದಿಗೆ ಬಂದು ಹಾಡಲಿ.