ನನ್ನ ಪಟ್ಟಿಯಲ್ಲಿ ಇಲ್ಲದಿದ್ದ ತಪ್ಪು

ಪಾರ್ಶ್ವವಾಯುವಿನಿಂದ ಮಾತು ಕುಂಠಿತವಾದವರಿಗೆ ಚಿಕಿತ್ಸೆ ನೀಡುವ ಸ್ಪೀಚ್ ಥೆರಪಿಸ್ಟ್ ಆಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇಂಗ್ಲಿಷ್ ರೋಗಿಗಳಿಗಾಗಿ ಸಿದ್ಧವಾಗಿದ್ದ ತಪಾಸಣಾ ಪಟ್ಟಿಯೊಂದನ್ನು ನಾನೇ ಕನ್ನಡಕ್ಕೆ ಹೊಂದಿಸಿಕೊಂಡಿದ್ದೆ. ಮಿದುಳಿನ ಎಡ ಮುಂಭಾಗಕ್ಕೆ ಪೆಟ್ಟಾದವರು ಪ್ರತ್ಯಯಗಳನ್ನು ಬಿಟ್ಟು, ಹಳೆಯ ಕಾಲದ ತಂತಿಯ ಹಾಗೆ ಬಿಡಿಬಿಡಿ ಪದಗಳಲ್ಲಿ ಮಾತಾಡುತ್ತಾರೆ ಎಂದು ಓದಿದ್ದೆನಾದ್ದರಿಂದ, ಪ್ರತ್ಯಯ ಬಿಟ್ಟುಹೋದಲ್ಲಿ ಮಾತ್ರ ಅಂಕ ಕಳೆಯುತ್ತಿದ್ದೆ.

ಹಿರಿಯರೊಬ್ಬರು ಚಿತ್ರವೊಂದನ್ನು ನೋಡಿ, ಒಂದೊಂದು ಪದಕ್ಕೂ ಹೆಣಗುತ್ತ, ‘ಹುಡುಗಿ... ಮನೆಗೆ... ಹೋದನು’ ಎಂದರು. ಪ್ರತ್ಯಯ ಇದ್ದೇ ಇತ್ತಲ್ಲ, ನಾನು ಅಂಕ ಕಳೆಯಲಿಲ್ಲ. ಇಂಥ ಹತ್ತಾರು ವಾಕ್ಯಗಳ ನಂತರವೂ ‘ವ್ಯಾಕರಣಕ್ಕೆ ಹೆಚ್ಚು ಹಾನಿಯಾಗಿಲ್ಲ’ ಎಂದು ವರದಿ ಬರೆದೆ. ಧ್ವನಿಮುದ್ರಣ ಕೇಳಿದ ಹಿರಿಯ ಸಹೋದ್ಯೋಗಿ, ‘ಅವರು ಬಿಡುತ್ತಿಲ್ಲ, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುತ್ತಿದ್ದಾರೆ, ಅಷ್ಟೇ’ ಎಂದರು.

ಇಂಗ್ಲಿಷಿನ ‘ವಾಕ್ಡ್’ ಎಂಬ ರೂಪದಿಂದ ಪ್ರತ್ಯಯ ಉದುರಿದರೆ ಉಳಿಯುವ ‘ವಾಕ್’ ತಾನೇ ಒಂದು ಪದ. ಹೀಬ್ರೂ ಧಾತುವಾದರೋ ಬರೀ ವ್ಯಂಜನಗಳದ್ದು. ಸ್ವರ ಸೇರದೆ ಅದನ್ನು ಉಚ್ಚರಿಸುವುದೇ ಸಾಧ್ಯವಿಲ್ಲ. ಆದ್ದರಿಂದ ಹೀಬ್ರೂ ರೋಗಿಗಳು ರೂಪವನ್ನು ಬಿಡುವುದಿಲ್ಲ, ತಪ್ಪಾದ ಬೇರೊಂದು ರೂಪವನ್ನು ನುಡಿಯುತ್ತಾರೆ ಎಂಬುದನ್ನು ಭಾಷಾವಿಜ್ಞಾನಿ ಗ್ರಾಡ್ಜಿನ್‌ಸ್ಕಿ 1984ರಲ್ಲೇ ತೋರಿಸಿದ್ದರು. ಕನ್ನಡದ ‘ಹೋದಳು’ವಿನಿಂದ ‘ಅಳು’ ತೆಗೆದರೆ ಉಳಿಯುವ ‘ಹೋದ್’ ಕೂಡ ಯಾರೂ ಆಡುವ ಪದವಲ್ಲ. ಇಷ್ಟು ಸರಳವಾದದ್ದು ಕನ್ನಡವನ್ನೇ ಆಡಿ ಬೆಳೆದ ನನಗೆ ಹೊಳೆಯಲಿಲ್ಲವೆಂಬುದು ಇಂದಿಗೂ ಮುಜುಗರದ ಸಂಗತಿ.

ಒಂದು ಭಾಷೆಯಲ್ಲಿ ಕಂಡ ರೋಗಲಕ್ಷಣವನ್ನು ನಾನು ಎಲ್ಲ ಭಾಷೆಗಳ ನಿಯಮವೆಂದು ಭಾವಿಸಿದ್ದೆ. ಭಾಷಾ ಸಾರ್ವತ್ರಿಕಗಳ, ಅಂದರೆ ಎಲ್ಲ ಭಾಷೆಗಳಿಗೂ ಸಮಾನವೆನ್ನಬಹುದಾದ ಲಕ್ಷಣಗಳ ವಿಷಯದಲ್ಲಿ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ ಇದಕ್ಕಿಂತ ಎಚ್ಚರ ವಹಿಸಿದ್ದರು. 30 ಭಾಷೆಗಳನ್ನು ಹೋಲಿಸಿ 1963ರಲ್ಲಿ ಅವರು ಪ್ರಕಟಿಸಿದ 45 ಹೇಳಿಕೆಗಳಲ್ಲಿ ಹಲವು ಕೇವಲ ಒಲವನ್ನು ಸೂಚಿಸುತ್ತವೆ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ‘ಮೇಲೆ’, ‘ಕೆಳಗೆ’ಯಂಥ ಸಂಬಂಧಸೂಚಕಗಳು ನಾಮಪದದ ನಂತರ ಬರುವುದೇ ಹೆಚ್ಚು ಎಂಬ ಮಾತಿಗೆ ಕನ್ನಡ ಒಪ್ಪುತ್ತದೆ, ಪರ್ಷಿಯನ್ ಒಪ್ಪುವುದಿಲ್ಲ. ಎಲ್ಲ ಮಿದುಳುಗಳಿಗೂ ಸಮಾನವಾದದ್ದೇನಾದರೂ ಇದ್ದರೆ ಅದು ತಪ್ಪಿನ ಹೊರರೂಪಕ್ಕಿಂತ ಆಳದಲ್ಲಿದೆ ಎಂದು ನನಗೆ ಈಗ ಅನ್ನಿಸುತ್ತದೆ. ಹೊರರೂಪವನ್ನು ನಿರ್ಧರಿಸುವುದು ಆಯಾ ಭಾಷೆಯ ಪದರಚನೆ.

ಪಟ್ಟಿಗೆ ‘ಬಿಟ್ಟದ್ದು’, ‘ಬದಲಾದದ್ದು’ ಎಂಬ ಎರಡು ಕಾಲಂಗಳನ್ನು ಹಾಕಿ ಅದೇ ಹಿರಿಯರನ್ನು ಮತ್ತೆ ಪರೀಕ್ಷಿಸಿದೆ. ಮೊದಲನೆಯದು ಬಹುಪಾಲು ಖಾಲಿ ಉಳಿಯಿತು, ಎರಡನೆಯದು ತುಂಬಿತು. ಮರುದಿನದಿಂದ ‘ಹೋದನು’, ‘ಹೋದಳು’, ‘ಹೋಯಿತು’ ಎಂಬ ಮೂರು ಚೀಟಿಗಳನ್ನು ಮುಂದಿಟ್ಟು, ಚಿತ್ರಕ್ಕೆ ಹೊಂದುವುದನ್ನು ಆರಿಸುವ ಅಭ್ಯಾಸ ಶುರುಮಾಡಿದೆವು.