ಒಸಾಕಾದಲ್ಲಿ ಬಲಗಡೆ ನಿಲ್ಲಬೇಕು

ಜಪಾನಿನಲ್ಲಿ ಎಸ್ಕಲೇಟರ್ ಮೇಲೆ ಎಡಗಡೆ ನಿಲ್ಲಬೇಕು, ಬಲಗಡೆ ಅವಸರದವರಿಗೆ ಬಿಡಬೇಕು. ಹೊರಡೋ ಮುಂಚೆ ರಾತ್ರಿಯೆಲ್ಲ ವಿಡಿಯೋ ನೋಡಿ ಕಲಿತ ಪಾಠಗಳಲ್ಲಿ ಇದೂ ಒಂದು. ಹಾಗಾಗಿ ನಂಬಾ ಸ್ಟೇಷನ್ನಿನಲ್ಲಿ ಇಳಿದು, ಬೆನ್ನ ಮೇಲೆ ಹನ್ನೆರಡು ಕೆಜಿ ಬ್ಯಾಗ್ ಹೊತ್ತು, ಶಿಸ್ತಾಗಿ ಎಡಗಡೆ ನಿಂತೆ. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಹಿಂದೆ ಕೋಟು ಹಾಕಿದವರ ಒಂದು ಸಾಲೇ ನಿಂತಿದೆ. ಯಾರೂ ಏನೂ ಅನ್ನಲಿಲ್ಲ, ಕೆಮ್ಮಲೂ ಇಲ್ಲ. ನಮ್ಮ ಮೆಜೆಸ್ಟಿಕ್ ಆಗಿದ್ದರೆ 'ಗುರು, ಸ್ವಲ್ಪ ಸೈಡ್' ಅಂತ ಯಾರಾದರೂ ಕೂಗಿರುತ್ತಿದ್ದರು, ನಾನೂ ಸರಿದಿರುತ್ತಿದ್ದೆ, ಅಲ್ಲಿಗೆ ಮುಗೀತಿತ್ತು. ಎಡಗಡೆ ಅನ್ನೋದು ಟೋಕಿಯೋ ಲೆಕ್ಕವಂತೆ. ಒಸಾಕಾದಲ್ಲಿ ಬಲಗಡೆ ನಿಲ್ಲಬೇಕು.

ನಾನು ಓದಿಕೊಂಡು ಬಂದಿದ್ದೆಲ್ಲ ಬೇರೆ ಊರಿನ ಪಾಠ ಅಂತ ಆಗಲೇ ಅನುಮಾನ ಬಂತು.

ಇಲ್ಲಿನ ರೈಲು ಕಾರ್ಡಿನ ಹೆಸರು ಇಕೋಕಾ. ಈ ಕಡೆಯ ಆಡುಮಾತಿನಲ್ಲಿ 'ಇಕೊ ಕಾ' ಅಂದರೆ 'ಹೋಗೋಣ್ವಾ?' ಅಂತ. ಕಾರ್ಡಿಗೆ ಇಂಥಾ ಹೆಸರಿಟ್ಟವರ ಮೇಲೆ ನನಗೆ ಸುಮ್ನೆ ಪ್ರೀತಿ ಹುಟ್ಟಿತು.

ಬ್ಯಾಗನ್ನು ಕ್ಯಾಪ್ಸೂಲ್ ಹೋಟೆಲಿನಲ್ಲಿ ಇಟ್ಟೆ. ಗೂಡಿನಂಥ ಕೋಣೆಗಳ ಈ ಹೋಟೆಲುಗಳು ಶುರುವಾಗಿದ್ದೇ ಒಸಾಕಾದಲ್ಲಿ, 1979ರಲ್ಲಿ. ಹೊಟ್ಟೆ ಚುರುಗುಟ್ಟುತ್ತಿತ್ತು. ಅಂಗಡಿಯಿಂದ ಒಂದು ಓನಿಗಿರಿ ತಂದೆ, ತ್ರಿಕೋನದ ಅನ್ನದ ಮುದ್ದೆ, ಒಳಗೆ ಹುಳಿ ಉಪ್ಪಿನಕಾಯಿ. ಪ್ಲಾಸ್ಟಿಕ್ಕಿನ ಮೇಲೆ 1, 2, 3 ಅಂತ ನಂಬರ್ ಬೇರೆ ಇದೆ. ಮೊದಲು ನಡುವಿನ ಪಟ್ಟಿ ಎಳೆಯಬೇಕು, ಆಮೇಲೆ ಎರಡು ಮೂಲೆ. ಹಸಿದವನಿಗೆ ನಂಬರ್ ಎಲ್ಲಿ ಕಾಣುತ್ತೆ? ಸೀದಾ ಹರಿದೆ. ಗರಿಗರಿ ಕಡಲಪಾಚಿ ಹಾಳೆ ಪ್ಲಾಸ್ಟಿಕ್ ಒಳಗೇ ಉಳಿಯಿತು, ಬರೀ ಅನ್ನ ಕೈಗೆ ಬಂತು. ಹುಳಿ ಮಾತ್ರ ಚೆನ್ನಾಗಿತ್ತು.

ಸಂಜೆ ದೋತೊಂಬೊರಿ. ಕಾಲುವೆ ಪಕ್ಕ ಎರಡೂ ಕೈ ಎತ್ತಿ ಓಡುವ, ಗ್ಲಿಕೋ ಅನ್ನೋ ಮಿಠಾಯಿ ಕಂಪನಿಯ ಮನುಷ್ಯನ ದೊಡ್ಡ ಫಲಕ, ಮೊದಲನೆಯದು ನಿಂತಿದ್ದು 1935ರಲ್ಲಂತೆ. ಎದುರಿನ ಸೇತುವೆ ಮೇಲೆ ಎಲ್ಲರೂ ಅವನ ಹಾಗೇ ಕೈ ಎತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ಎತ್ತಿದೆ. ಜಪಾನ್ ಅಂದರೆ ಮೌನ ಅಂದುಕೊಂಡಿದ್ದವನಿಗೆ ಇಲ್ಲಿ ಅಂಗಡಿಯವರ ಕೂಗು ಕೇಳಿ ಕೆ.ಆರ್. ಮಾರ್ಕೆಟ್ ನೆನಪಾಯಿತು. ಒಬ್ಬ ತಾಕೊಯಾಕಿ ಮಾಡುತ್ತಿದ್ದ. ಸಾಕ್ಷಾತ್ ನಮ್ಮ ಪಡ್ಡಿನ ಕಾವಲಿ ಕಣ್ರೀ! ಕುಳಿಗೆ ಹಿಟ್ಟು ಹುಯ್ದು, ಎರಡು ಚೂಪು ಕಡ್ಡಿಗಳಿಂದ ಪಟಪಟ ಮಗುಚುತ್ತಾನೆ. ಆದರೆ ಒಳಗೆ ಆಕ್ಟೋಪಸ್ ತುಂಡು. ಅದನ್ನು ಬಿಟ್ಟು ಮಾಡಿಕೊಡು ಅನ್ನೋಣವೆಂದರೆ ಹಿಟ್ಟಿಗೇ ಮೀನಿನ ಸಾರು ಬೆರೆಸಿರುತ್ತಾರೆ. ನೋಡಿದ್ದಕ್ಕೇ ತೃಪ್ತಿ ಪಟ್ಟೆ.

ಆ ಗದ್ದಲದಿಂದ ಎರಡು ತಿರುವು ಆಚೆ, ಕಲ್ಲು ಹಾಸಿದ ಸಣ್ಣ ಗಲ್ಲಿಯಲ್ಲಿ ಹೋಝೆಂಜಿ ಅನ್ನೋ ದೇವಸ್ಥಾನ. ಅಲ್ಲಿನ ಮೂರ್ತಿಗೆ ಬಂದವರೆಲ್ಲ ನೀರು ಹಾಕುತ್ತಾರೆ. ಹಾಕಿ ಹಾಕಿ ಮೈಯೆಲ್ಲ ಹಸಿರು ಪಾಚಿ, ಮೂಗು ಬಾಯಿ ಒಂದೂ ಕಾಣಲ್ಲ. ಹೆಸರು ಫುದೋ. ಫೋನಿನಲ್ಲಿ ಹುಡುಕಿದರೆ ಸಂಸ್ಕೃತದ ಅಚಲ, ಬೌದ್ಧರ ಜೊತೆ ಚೀನಾ ಮೇಲೆ ಬಂದು ಇಲ್ಲಿ ನೆಲೆ ನಿಂತವನು. ಅಭಿಷೇಕ ಅಂದಮೇಲೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂತ ಸೌಟು ಎತ್ತಿಕೊಂಡೆ. ಜೋರಾಗಿ ಹುಯ್ದಿದ್ದಕ್ಕೆ ಅರ್ಧ ನೀರು ಪಕ್ಕದ ಅಜ್ಜಿಯ ಚಪ್ಪಲಿ ಮೇಲೆ.

ನಾನು 'ಸುಮಿಮಾಸೆನ್, ಸುಮಿಮಾಸೆನ್' ಅಂತ ಬಗ್ಗಿದ್ದೇ ಬಗ್ಗಿದ್ದು. ಅಜ್ಜಿ ಗಹಗಹಿಸಿ ನಕ್ಕರು. ಕೈಚೀಲಕ್ಕೆ ಕೈ ಹಾಕಿ ಏನೋ ತೆಗೆದು 'ಆಮೆ-ಚಾನ್' ಅಂದರು. ಆಮೆಯಾ? ಬೆಚ್ಚಿ ನೋಡಿದರೆ ಅಂಗೈಯಲ್ಲಿ ಒಂದು ಪೆಪ್ಪರಮಿಂಟು. ಆಮೆ ಅಂದರೆ ಇಲ್ಲಿ ಮಿಠಾಯಿ, ಚಾನ್ ಅಂತ ಸೇರಿಸೋದು ಮುದ್ದಿಗೆ. ಒಸಾಕಾದ ಹೆಂಗಸರ ಚೀಲದಲ್ಲಿ ಇದು ಯಾವಾಗಲೂ ಇರುತ್ತಂತೆ, ಗುರುತು ಪರಿಚಯ ಇಲ್ಲದವರಿಗೂ ಕೊಡುತ್ತಾರಂತೆ. ಯಾವ ವಿಡಿಯೋದಲ್ಲೂ ಇದು ಇರಲಿಲ್ಲ.

ಮಿಠಾಯಿ ಕರಗಿತು, ಕಾಗದ ಉಳಿಯಿತು. ರಸ್ತೆಯಲ್ಲಿ ಕಸದ ಬುಟ್ಟಿಯೇ ಇಲ್ಲ. 1995ರಲ್ಲಿ ಟೋಕಿಯೋ ಮೆಟ್ರೋದಲ್ಲಿ ವಿಷಾನಿಲ ಬಿಟ್ಟ ಮೇಲೆ ದೇಶದ ಎಷ್ಟೋ ಕಡೆ ಬುಟ್ಟಿಗಳನ್ನು ತೆಗೆದುಬಿಟ್ಟರು. ಓನಿಗಿರಿ ಪ್ಲಾಸ್ಟಿಕ್ಕಿನ ಜೊತೆ ಅದೂ ಜೇಬಿನಲ್ಲೇ ಊರು ಸುತ್ತಿತು.

ರಾತ್ರಿ ಹೋಟೆಲಿನ ಮೂಲೆಯಲ್ಲಿ ಕೊನೆಗೂ ಬುಟ್ಟಿ ಸಿಕ್ಕಿತು. ಒಂದಲ್ಲ, ನಾಲ್ಕು, ನಾಲ್ಕಕ್ಕೂ ಬೇರೆ ಬೇರೆ ಅಕ್ಷರ. ಕೈಯಲ್ಲಿ ಕಸ ಹಿಡಿದು ಪರೀಕ್ಷೆ ಬರೆಯೋ ಹುಡುಗನ ಹಾಗೆ ನಿಂತಿದ್ದೆ. ಹಲ್ಲುಜ್ಜುತ್ತಾ ಬಂದ ಹುಡುಗನೊಬ್ಬ ನನ್ನನ್ನೂ ನೋಡಿದ, ಬುಟ್ಟಿಗಳನ್ನೂ ನೋಡಿದ, ಬ್ರಷ್ ಬಾಯಲ್ಲೇ ಇಟ್ಟುಕೊಂಡು ಎರಡನೆಯದನ್ನು ತೋರಿಸಿ ಹೋದ.