ಕಾರವಾರದ ಮಳೆಗಾಲಕ್ಕೊಂದು ಡಬ್ಬಿ

ಜುಲೈ ತಿಂಗಳಲ್ಲಿ ಕಾರವಾರಕ್ಕೆ ಹೊರಟರೆ ಬೆಂಗಳೂರಿನ ಗೆಳತಿಯರು ಹುಬ್ಬೇರಿಸುತ್ತಾರೆ. ಮೀನೇ ಸಿಗದ ಹೊತ್ತಿನಲ್ಲಿ ಅಲ್ಲಿ ತಿನ್ನುವುದೇನಿದೆ ಎಂಬುದು ಅವರ ಪ್ರಶ್ನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ಟ್ರಾಲರ್‌ಗಳು ಒಂದಕ್ಕೊಂದು ಒತ್ತಿಕೊಂಡು ಮಳೆಯಲ್ಲಿ ನೆನೆಯುತ್ತಿರುತ್ತವೆ. ನನ್ನ ಮಟ್ಟಿಗೆ ಊರಿಗೆ ಹೋಗಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನಮ್ಮ ಮನೆಗಳಲ್ಲಿ ಮಳೆಗಾಲವೆಂದರೆ ಉಪ್ಪಿನಲ್ಲಿ ಕಾದಿಟ್ಟದ್ದನ್ನು ಹೊರತೆಗೆಯುವ ಕಾಲ: ಒಣ ಬಾಂಗಡೆ, ಒಣ ಸಿಗಡಿ, ಉಪ್ಪುನೀರಿನ ಮಾವಿನಕಾಯಿ, ಹಲಸಿನ ಸೊಳೆ. ಇವುಗಳ ಜೊತೆಗೆ, ಮಂಚದ ಕೆಳಗಿನ ಟ್ರಂಕಿನಿಂದ ಬರುತ್ತಿದ್ದ ಕಾರ್ನ್ಡ್ ಬೀಫ್, ಅಂದರೆ ಉಪ್ಪಿನಲ್ಲಿ ಹದ ಮಾಡಿದ ದನದ ಮಾಂಸದ ಡಬ್ಬಿ. ನಾವು ಅದನ್ನು ಕರೆಯುತ್ತಿದ್ದುದು ಡಬ್ಬಿ ಮಾಸ್ ಎಂದು.

ಈ ಸಲ ನೇರ ಕಾರವಾರಕ್ಕೆ ಹೋಗದೆ ಬೆಳಗಿನ ಹೊತ್ತು ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದೆ. ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ಮಳೆಯಲ್ಲಿ ನೋಡಬೇಕೆಂಬ ಆಸೆ ಬಹಳ ದಿನಗಳದ್ದು. ಬೇಸಿಗೆಯಲ್ಲಿ ಬಿಳಿ ರಾಶಿಗಳಿಂದ ಹೊಳೆಯುವ ಆ ಬಯಲು ಜುಲೈನಲ್ಲಿ ಬರೀ ನೀರು. ಅಘನಾಶಿನಿಯ ಹಿನ್ನೀರು ಯಾವುದು, ಗದ್ದೆ ಯಾವುದು, ಆಗರ ಯಾವುದು ಎಂದು ಗುರುತಿಸುವುದು ಕಷ್ಟ. ಮಣ್ಣಿನ ಬದುಗಳ ತುದಿ ಮಾತ್ರ ಅಲ್ಲಲ್ಲಿ ಕಾಣುತ್ತದೆ, ಅದರ ಮೇಲೊಂದು ಕೊಕ್ಕರೆ. ಬೇಸಿಗೆಯಲ್ಲಿ ಎಳೆದ ಉಪ್ಪು ಆಗಲೇ ಗೋದಾಮು ಸೇರಿದೆ. ರಸ್ತೆ ಬದಿಯ ಅಂಗಡಿಯಲ್ಲಿ ಹರಳುಪ್ಪಿನ ಒಂದು ಚೀಲ ಕೊಂಡೆ. ಪುಡಿ ಉಪ್ಪಿನ ಬಿಳುಪು ಇದಕ್ಕಿಲ್ಲ. ತುಸು ಬೂದು, ಮುಟ್ಟಿದರೆ ಅಂಟು, ನಾಲಿಗೆಯ ಮೇಲಿಟ್ಟರೆ ನಿಧಾನವಾಗಿ ಕರಗುತ್ತದೆ. ಇಲ್ಲಿಂದ ಅಂಕೋಲೆ ಎಷ್ಟು ದೂರ? 1930ರಲ್ಲಿ ಆ ಊರಿನ ಜನ ಇದೇ ಉಪ್ಪಿಗಾಗಿ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಉಪ್ಪಿನ ಬೆಲೆಯನ್ನು ಈ ಕರಾವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಡಬ್ಬಿ ಮಾಸ್ ಕೂಡ ಮೂಲದಲ್ಲಿ ಉಪ್ಪಿನ ಕೆಲಸವೇ. ದನದ ಮಾಂಸವನ್ನು ಉಪ್ಪು ಹಾಕಿ ಹದಗೊಳಿಸಿ, ಬೇಯಿಸಿ, ತಗಡಿನ ಡಬ್ಬಿಗೆ ಒತ್ತಿ ತುಂಬಿ, ಮುಚ್ಚಿದ ಮೇಲೆ ಮತ್ತೊಮ್ಮೆ ಕಾಯಿಸುತ್ತಾರೆ. ನೈಟ್ರೈಟ್ ಸೇರಿಸುವುದರಿಂದ ಬೆಂದ ಮೇಲೂ ಮಾಂಸ ಕೆಂಪಾಗಿಯೇ ಉಳಿಯುತ್ತದೆ. ಹಡಗಿನವರಿಗೆ, ಸೈನಿಕರಿಗೆ ವರ್ಷಗಟ್ಟಲೆ ಕೆಡದ ಅನ್ನ ಅದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಬ್ರಿಟಿಷ್ ಸೈನಿಕರ ದಿನನಿತ್ಯದ ಪಡಿಯಲ್ಲಿ ಇದೇ ಇತ್ತು. ಬಿಸ್ಕತ್ತು ಮತ್ತು ಇದು, ಇದು ಮತ್ತು ಬಿಸ್ಕತ್ತು. ಬೇಸತ್ತು ಶಪಿಸಿದವರೂ ಅವರೇ. ನನ್ನ ಅಪ್ಪ ಸರಕು ಹಡಗಿನ ಅಡುಗೆಮನೆಯಲ್ಲಿ ದುಡಿದವರು. ದಕ್ಷಿಣ ಅಮೆರಿಕದ ಬಂದರುಗಳನ್ನು ಕಂಡವರು. ಉರುಗ್ವೆ ನದಿಯ ದಂಡೆಯ ಫ್ರೈ ಬೆಂಟೋಸ್ ಎಂಬ ಊರಿನ ಹೆಸರನ್ನು ನಾನು ಕೇಳಿದ್ದು ಅವರ ಬಾಯಿಂದಲೇ, ಶಾಲೆಯ ಭೂಗೋಳದ ಪಾಠದಲ್ಲಲ್ಲ. 1865ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಲೀಬಿಗ್ ಕಂಪನಿ ಅಲ್ಲಿ ಮಾಂಸದ ರಸವನ್ನು ಕುದಿಸಿ ಗಟ್ಟಿ ಮಾಡಿ ಮಾರುತ್ತಿತ್ತು. ಆಮೇಲೆ ಮಾಂಸವನ್ನೂ ಡಬ್ಬಿಗೆ ತುಂಬತೊಡಗಿತು. ಕಾರ್ಖಾನೆ 1979ರಲ್ಲಿ ಮುಚ್ಚಿತು. ಈಗ ಅದು ಯುನೆಸ್ಕೊದ ವಿಶ್ವ ಪರಂಪರೆಯ ತಾಣ, 2015ರಿಂದ. ಹಂಪಿಗೆ ಸಿಕ್ಕ ಗೌರವವೇ ಒಂದು ಡಬ್ಬಿ ಕಾರ್ಖಾನೆಗೂ ಸಿಕ್ಕಿತು ಎಂದು ಓದಿದಾಗ ನನಗೆ ನಿಜಕ್ಕೂ ಹೆಮ್ಮೆಯಾಯಿತು. ದುಡಿಯುವವರ ಹೊಟ್ಟೆ ತುಂಬಿಸಿದ ಜಾಗಗಳಿಗೂ ಆ ಗೌರವ ಸಲ್ಲಬೇಕು.

ಬಸ್ಸಿನಲ್ಲಿ ಅಂಕೋಲೆ, ಅವರ್ಸಾ, ಅಮದಳ್ಳಿ ದಾಟಿದೆ. ಅರ್ಗಾದಲ್ಲಿ ನೌಕಾನೆಲೆಯ ಗೋಡೆ, ಬಿಣಗಾ, ಸುರಂಗ, ಅದರಾಚೆ ಥಟ್ಟನೆ ಕಡಲು. ಆ ತಿರುವು ಎಷ್ಟು ಸಲ ನೋಡಿದರೂ ಸಾಲದು. ಊರಿನ ಮಾರುಕಟ್ಟೆಯಲ್ಲಿ ಮೀನುಗಾರ ಹೆಂಗಸರು ಪ್ಲಾಸ್ಟಿಕ್ ಹೊದೆಸಿದ ಬುಟ್ಟಿಗಳಲ್ಲಿ ಒಣ ಮೀನು ಇಟ್ಟುಕೊಂಡು ಕುಳಿತಿದ್ದರು. ಹೊಳೆಯ ಚಿಪ್ಪು ಒಂದಿಷ್ಟು ಬಂದಿತ್ತು. ಒಣ ಸಿಗಡಿ ಕಟ್ಟಿಸಿಕೊಂಡು ಕೋಡಿಬಾಗದ ಮಾವ್ಶಿಯ, ಅಂದರೆ ಅಮ್ಮನ ಸೋದರಿಯ, ಮನೆ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

"ಬಾ ಪುತಾ, ಮೊದಲು ತಲೆ ಒರೆಸಿಕೋ" ಎಂದು ಮಾವ್ಶಿ ಟವೆಲ್ ಕೊಟ್ಟರು. ಆಮೇಲೆ ಸಾಣಿಕಟ್ಟಾದ ಉಪ್ಪಿನ ಚೀಲ ನೋಡಿ, "ಇದೊಂದು ಒಳ್ಳೆಯ ಕೆಲಸ ಮಾಡಿದೆ" ಎಂದರು. ಅವರ ಮಗ, ನನ್ನ ತಮ್ಮ, ಹಡಗಿನಿಂದ ರಜೆಗೆ ಬಂದಿದ್ದ. ಮೇಜಿನ ಮೇಲೆ ಆಗಲೇ ಡಬ್ಬಿ ಇತ್ತು. ಆದರೆ ಇದು ಕುರಿಯದು. ಹೊರದೇಶದಿಂದ ದನದ ಮಾಂಸವನ್ನಾಗಲಿ, ಅದರ ಡಬ್ಬಿಯನ್ನಾಗಲಿ ಭಾರತದೊಳಗೆ ತರುವಂತಿಲ್ಲ. ಕಾನೂನು ಕಾನೂನೇ, ತಮ್ಮ ಅದನ್ನು ಮೀರುವವನಲ್ಲ. ಅದೇ ರೀತಿ ಉಪ್ಪಿನಲ್ಲಿ ಹದ ಮಾಡಿದ, ಅದೇ ಆಕಾರದ ಡಬ್ಬಿಯ ಕುರಿ ಮಾಂಸವನ್ನು ಹುಡುಕಿ ತಂದಿದ್ದ. "ಅಕ್ಕಾ, ನೀವೇ ತೆರೆಯಿರಿ" ಎಂದು ನನ್ನ ಮುಂದೆ ಸರಿಸಿದ.

ಆ ಡಬ್ಬಿ ತೆರೆಯುವುದರಲ್ಲೇ ಅರ್ಧ ಸುಖವಿದೆ. ಪಕ್ಕದಲ್ಲಿ ಅಂಟಿಸಿದ ಪುಟ್ಟ ಚಾವಿಯನ್ನು ಕಿತ್ತು, ತಗಡಿನಿಂದ ಹೊರಚಾಚಿದ ನಾಲಿಗೆಯನ್ನು ಅದರ ಸೀಳಿಗೆ ಸಿಕ್ಕಿಸಿ ತಿರುಗಿಸಬೇಕು. ಸಣ್ಣ ಪಟ್ಟಿ ಸುರುಳಿ ಸುತ್ತುತ್ತಾ ಡಬ್ಬಿಯ ಸುತ್ತಲೂ ಬಿಚ್ಚಿಕೊಳ್ಳುತ್ತದೆ. ಅವಸರ ಮಾಡಿದರೆ ಪಟ್ಟಿ ಓರೆಯಾಗಿ ತುಂಡಾಗುತ್ತದೆ. ಅಂಚು ಬ್ಲೇಡಿನಷ್ಟು ಹರಿತ. ಚಿಕ್ಕಂದಿನಲ್ಲಿ ಆ ಕೆಲಸ ಅಪ್ಪನದು ಮಾತ್ರ. ನಾವು ಮಕ್ಕಳು ಮೇಜಿನ ಅಂಚಿಗೆ ಗಲ್ಲವಿಟ್ಟು ನೋಡುತ್ತಿದ್ದೆವು, ಉಸಿರು ಬಿಡದೆ. ಡಬ್ಬಿಯ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. 1870ರ ದಶಕದಲ್ಲಿ ಷಿಕಾಗೊದ ತಯಾರಕರು ಈ ಆಕಾರವನ್ನು ಚಾಲ್ತಿಗೆ ತಂದದ್ದು ಒಂದೇ ಕಾರಣಕ್ಕೆ: ಅಗಲದ ಕಡೆ ತೆರೆದು ಬೋರಲು ಹಾಕಿ ತಟ್ಟಿದರೆ ಮಾಂಸ ಮುರಿಯದೆ ಇಡಿಯಾಗಿ ಜಾರಬೇಕು. ಜಾರಿತು. ತಟ್ಟೆಯಲ್ಲಿ ಗುಲಾಬಿ ಬಣ್ಣದ ಗಟ್ಟಿ, ಮೂಲೆಗಳಲ್ಲಿ ಬಿಳಿ ಕೊಬ್ಬು, ಬದಿಯಲ್ಲಿ ಅಂಟಿದ ಲೋಳೆ. ತಮ್ಮ ಒಂದು ಮೂಲೆಯನ್ನು ಚಾಕುವಿನಿಂದ ಕೊಯ್ದು ನನಗೆ ಕೊಟ್ಟ. ಅಪ್ಪನೂ ಹಾಗೆಯೇ ಮಾಡುತ್ತಿದ್ದರು: ಒಲೆಗೆ ಹಾಕುವ ಮೊದಲು ಒಬ್ಬೊಬ್ಬರಿಗೂ ಒಂದು ತುಣುಕು. ಕುರಿಯ ವಾಸನೆ ಬೇರೆ, ತುಸು ಜೋರು. ಆದರೆ ನಾರು ನಾರಾಗಿ ಬಿಡಿಸಿಕೊಳ್ಳುವ ಪರಿ, ಉಪ್ಪಿನ ಹಿಂದೆಯೇ ಬರುವ ಸಣ್ಣ ಸಿಹಿ, ಅಂಗುಳಿಗೆ ಹತ್ತುವ ಕೊಬ್ಬು, ಇವೆಲ್ಲ ಇದ್ದವು. ನನಗೆ ಅಷ್ಟು ಸಾಕಾಗಿತ್ತು.

ಡಬ್ಬಿಯ ಊಟವನ್ನು ಬಡತನದ ಊಟ, ಸೋಮಾರಿಗಳ ಊಟ ಎನ್ನುವವರನ್ನು ಕಂಡಿದ್ದೇನೆ. ಅವರು ಮಾವ್ಶಿಯ ಒಲೆಯ ಮುಂದೆ ನಿಲ್ಲಬೇಕು. ತೆಂಗಿನೆಣ್ಣೆಯಲ್ಲಿ ಈರುಳ್ಳಿಯನ್ನು ಕಂದು ಬರುವವರೆಗೆ ಹುರಿದರು. ಹಸಿಮೆಣಸು, ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿ ಬೇಯಿಸಿದ ಬಟಾಟೆ ಹಾಕಿದರು. ಮಾಂಸ ಸೇರಿಸಿದ ಮೇಲೆ ಸೌಟು ಮುಟ್ಟಲಿಲ್ಲ. "ಕೆದಕಿದರೆ ಹಿಟ್ಟಾಗುತ್ತದೆ, ತಳ ಹಿಡಿಯಲಿ ಬಿಡು" ಎಂದರು. ತಳದಲ್ಲಿ ಗರಿಗರಿ ಪದರ ಕಟ್ಟಿದಾಗ ಒಂದೇ ಸಲ ಮಗುಚಿ, ಸುರೆಯ ವಿನೆಗರ್ ಒಂದು ಚಮಚ ಸುತ್ತಲೂ ಹಾಕಿದರು. ಹಬೆ ಮೂಗಿಗೆ ಹೊಡೆಯಿತು. ಉಪ್ಪು ಹಾಕಲೇ ಇಲ್ಲ, ಡಬ್ಬಿಯಲ್ಲಿ ಬೇಕಾದಷ್ಟಿದೆ. ಪಕ್ಕದಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪುನೀರಿನ ಮಾವಿನಕಾಯಿ, ನಾನು ತಂದ ಒಣ ಸಿಗಡಿಯ ಚಟ್ನಿ. ಗಂಜಿಯ ಸಪ್ಪೆಗೆ ಆ ಕರಿದ ಉಪ್ಪು ಮಾಂಸ, ಅದರ ಮೇಲೆ ಹಂಚಿನ ಮನೆಯ ಮಳೆಯ ಸದ್ದು. ಉರುಗ್ವೆಯಲ್ಲೋ ಬ್ರೆಜಿಲಿನಲ್ಲೋ ಹುಟ್ಟಿದ್ದಿರಬಹುದು. ಒಣ ಬಾಂಗಡೆಯ ಪಕ್ಕದಲ್ಲಿ ಕುಳಿತ ಮೇಲೆ ಅದು ಕಾರವಾರದ ಊಟ. ಕಡಲಿಗೆ ಹೋಗುವವರು ತಂದದ್ದನ್ನು ಉಣ್ಣುವುದು ಈ ಊರಿಗೆ ಹೊಸತಲ್ಲ. ಮೀನಾದರೂ ಸರಿ, ಡಬ್ಬಿಯಾದರೂ ಸರಿ.

ಊಟದ ನಡುವೆ ಅಪ್ಪನ ಮಾತೇ ಹೆಚ್ಚು ಬಂತು. ಅವರ ಟ್ರಂಕು ತೆರೆದಾಗ ಸಾಬೂನು, ಕ್ರಾಫ್ಟ್ ಚೀಸ್ ಮತ್ತು ಡೀಸೆಲ್ಲಿನ ವಾಸನೆ ಒಟ್ಟಿಗೆ ಬರುತ್ತಿತ್ತು ಎಂದು ಮಾವ್ಶಿ ನೆನಪಿಸಿದರು. ಡಬ್ಬಿಗಳಲ್ಲಿ ಒಂದು ಪಾದ್ರಿಗಳಿಗೆ, ಒಂದು ಪಕ್ಕದ ಮನೆಯವರಿಗೆ, ಉಳಿದವು ಮಳೆಗಾಲಕ್ಕೆ. ಖಾಲಿ ಡಬ್ಬಿಯನ್ನೂ ಎಸೆಯುತ್ತಿರಲಿಲ್ಲ. ಅಂಚು ಬಡಿದು ಮಟ್ಟ ಮಾಡಿ ಬಾವಿಕಟ್ಟೆಯ ಬಳಿ ಸಾಬೂನು ಇಡುತ್ತಿದ್ದರು.

ಮರುದಿನ ಸಂಜೆ ರೈಲಿಗೆ ಹೊರಡುವಾಗ ಉಳಿದರ್ಧ ಮಾಂಸ ಕಟ್ಲೆಟ್ ಆಗಿ ಬಾಳೆಲೆಯ ಪೊಟ್ಟಣ ಸೇರಿತ್ತು. ಬಟಾಟೆಯೊಂದಿಗೆ ನಾದಿ, ಮೊಟ್ಟೆಯಲ್ಲಿ ಅದ್ದಿ, ರವೆ ಹೊರಳಿಸಿ ಕಾಯಿಸಿದ್ದು. ಜೊತೆಗೆ ಬೆಳಿಗ್ಗೆ ಸೈಕಲ್ಲಿನವನಿಂದ ಕೊಂಡ ಪಾವ್. ಶಿರವಾಡದ ನಿಲ್ದಾಣದವರೆಗೆ ತಮ್ಮ ಬೈಕಿನಲ್ಲಿ ಬಿಟ್ಟ. ಕುಮಟಾ ಬರುವ ಮೊದಲೇ ಪೊಟ್ಟಣ ಬಿಚ್ಚಿದೆ. ತಣ್ಣಗಾದ ಮೇಲೆ ಕಟ್ಲೆಟ್ಟಿಗೆ ಇನ್ನೂ ರುಚಿ ಬರುತ್ತದೆ ಎಂದು ಮಾವ್ಶಿ ಹೇಳಿದ್ದು ನಿಜ: ವಿನೆಗರ್ ಅಷ್ಟರಲ್ಲಿ ಮಾಂಸಕ್ಕೆ ಹಿಡಿದಿರುತ್ತದೆ, ಕೊಬ್ಬು ಹೆಪ್ಪುಗಟ್ಟಿ ರವೆಯ ಪದರಕ್ಕೆ ಅಂಟಿರುತ್ತದೆ, ಪಾವ್ ಅದನ್ನೆಲ್ಲ ಹೀರುತ್ತದೆ.